ಮುಳ್ಳು ಕರಗಿಸುವ ಕಷಾಯ

"ಛೀ... ಏನ್ರೀ ಇದು ಹೊಲಸು!"

ವಿಜಯನಗರದ ಸಮುದಾಯ ಭವನದಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುವ ಶರಣ್ಯಾ ಮೂಗು ಮುಚ್ಚಿಕೊಂಡು ಎದ್ದು ನಿಂತಿದ್ದಳು.

ವೇದಿಕೆಯ ಮೇಲೆ ಕಷಾಯ ಕಂಪನಿಯ ಸೇಲ್ಸ್‌ಮನ್ ಕಲ್ಮೇಶ್. ಅವನ ಕೈಯಲ್ಲಿದ್ದ ಗಾಜಿನ ಬಾಟಲಿಯೊಳಗೆ ಕಫದಂಥ ಹಳದಿ ಲೋಳೆ ಅಲುಗುತ್ತಿತ್ತು.

"ಕೊರೊನಾ ಹೋದ್ರೂ ಅದರ ಮುಳ್ಳು ಮೈಯಲ್ಲೇ ಇರುತ್ತೆ, ಮೇಡಂ. ನಮ್ಮ ಕಷಾಯ ಕುಡಿದ್ರೆ ಹೀಗೆ ಕರಗಿ ಆಚೆ ಬರುತ್ತೆ!"

ಎಷ್ಟು ಚೆಂದದ ಕಣ್ಣು... ಎಂಥ ಕೊಳಕು ಸುಳ್ಳು! ಅಂದುಕೊಂಡಳು ಶರಣ್ಯಾ.

ಅಷ್ಟರಲ್ಲಿ ಅವಳ ಜೊತೆ ಬಂದಿದ್ದ ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಕುಸಿದುಬಿದ್ದರು. ಈ ಕಷಾಯ ನಂಬಿ ಎರಡು ವಾರದಿಂದ ಶುಗರ್ ಮಾತ್ರೆ ಬಿಟ್ಟಿದ್ದರಂತೆ! ಓಡಿ ಬಂದು ಎತ್ತಿಕೊಂಡ ಕಲ್ಮೇಶನ ಅಂಗಿಯ ಮೇಲೆಲ್ಲ ವಾಂತಿ.

"ಮುಟ್ಟಬೇಡಿ ಅವರನ್ನ!" ಶರಣ್ಯಾ ಕಿರುಚಿದಳು.

ಅವನು ಬಿಡಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದ.

ಡ್ರಿಪ್ ಹಾಕಿದ ಮೇಲೆ, ಅದೇ ನಾರುವ ಅಂಗಿಯಲ್ಲಿ ತಲೆ ತಗ್ಗಿಸಿ ನಿಂತ. "ನಾನು ಓದಿದ್ದು ಬಿಕಾಂ, ಮೇಡಂ. ಕಂಪನಿಯೋರು ಹೇಳಿದ್ದನ್ನೇ ನಂಬಿದ್ದೆ. ನಿಜ ಏನು... ಹೇಳ್ತೀರಾ?"

ಶರಣ್ಯಾ ಮುಖ ತಿರುಗಿಸಿಕೊಂಡೇ ಹೇಳಿದಳು.

"ಆ ವೈರಸ್ಸಿನ ಮೈ ಕಟ್ಟೋದು ನಾಲ್ಕು ಪ್ರೋಟೀನು. ಸ್ಪೈಕ್ ಅನ್ನೋ ಮುಳ್ಳು ನಮ್ಮ ಜೀವಕೋಶಕ್ಕೆ ಅಂಟ್ಕೊಂಡು ವೈರಸ್ಸನ್ನ ಒಳಗೆ ನುಗ್ಗಿಸುತ್ತೆ. ಮೆಂಬ್ರೇನ್ ಅನ್ನೋದು ವೈರಸ್ಸಿನ ಹೊದಿಕೆಗೆ ಆಕಾರ ಕೊಡುತ್ತೆ. ಎನ್ವಲಪ್ ಅನ್ನೋ ಪುಟಾಣಿ ಪ್ರೋಟೀನು, ಹೊಸ ವೈರಸ್ ಜೋಡಿಸಿ ಆಚೆ ಕಳಿಸೋಕೆ ನೆರವಾಗುತ್ತೆ. ನ್ಯೂಕ್ಲಿಯೋಕ್ಯಾಪ್ಸಿಡ್ ಅನ್ನೋದು ಒಳಗಿನ ವಂಶವಾಹಿ ಆರ್‌ಎನ್‌ಎ ಸುತ್ತಿ ಕಾಪಾಡುತ್ತೆ. ಬರಿಗಣ್ಣಿಗೆ ಯಾವುದೂ ಕಾಣಲ್ಲ ಕಣ್ರೀ! ಬಾಟ್ಲಿಗೆ ತುಂಬ್ತೀರಾ?"

ಅವನು ತಿರುಗಿ ಹೊರಟುಹೋದ.

ಮುಂದಿನ ಭಾನುವಾರ ಬಸವೇಶ್ವರನಗರದಲ್ಲಿ ಮತ್ತೆ ಅದೇ ಸಭೆ! ಕುದಿಯುತ್ತಲೇ ಹೋದಳು ಶರಣ್ಯಾ. ಇವತ್ತು ಪೊಲೀಸರನ್ನೇ ಕರೆಸುತ್ತೇನೆ...

ಆದರೆ ಕಲ್ಮೇಶ್ ಮೈಕ್ ಹಿಡಿದು ಹಳದಿ ಲೋಳೆಯ ಬಾಟಲಿ ಎತ್ತಿ ತೋರಿಸಿದ. "ಇದು ಗೋಂದಿಗೆ ಅರಿಶಿನ ಕಲಸಿದ್ದು. ಗೋಡೌನಲ್ಲಿ ನಾನೇ ನೋಡಿದೆ. ದಯವಿಟ್ಟು ಯಾರೂ ಮಾತ್ರೆ ನಿಲ್ಲಿಸಬೇಡಿ!"

ಕಂಪನಿಯ ಮಾಲೀಕ ರುದ್ರೇಶ ನುಗ್ಗಿ ಬಂದು, ಬಾಯಲ್ಲಿದ್ದ ಎಲೆಯಡಿಕೆಯನ್ನು ಅವನ ಮುಖಕ್ಕೇ ಉಗಿದ. ಕೆಂಪು ಎಂಜಲು ಕೆನ್ನೆಯ ಮೇಲೆ ಇಳಿಯಿತು.

ಶರಣ್ಯಾ ವೇದಿಕೆ ಹತ್ತಿದಳು. ಬರಿಗೈಯಲ್ಲೇ ಅವನ ಮುಖ ಒರೆಸಿದಳು.

"ನಿಮಗೆ... ಅಸಹ್ಯ ಆಗಲ್ವಾ?"

"ಆಗ್ತಿದೆ," ಅವಳ ಕಣ್ಣು ತುಂಬಿತ್ತು. "ಉಗಿದವನ ಮೇಲೆ."

"ಕೆಲಸ ಹೋಯ್ತು. ಗಂಗಲಕ್ಷ್ಮಮ್ಮ ಆಂಟಿ ಮುಂದೆ ಹೋಗೋಕೆ ಧೈರ್ಯ ಇಲ್ಲ. ಆದ್ರೂ ಹೇಳ್ಬಿಡ್ತೀನಿ... ಆವತ್ತಿಂದ ನೀವೇ ಕಣ್ಮುಂದೆ ಇದೀರ, ಶರಣ್ಯಾ."

"ಮೊದ್ಲು ಆಂಟಿ ಹತ್ರ ಕ್ಷಮೆ ಕೇಳಿ."

"ಒಬ್ನೇನಾ?"

"ಇಲ್ಲ," ಅವಳು ಅವನ ಕೈ ಹಿಡಿದಳು. "ಜೊತೆಗೆ ಬರ್ತೀನಿ."