ಎಣಿಕೆಗೆ ಸಿಗದ ಹೋರಿ

ಮೊದಲ ಭೇಟಿಯಲ್ಲೇ ಕಸಿಲ್ದಾ ಅವನ ತಲೆ ಒಡೆದಿದ್ದಳು. ಅವಳ ಹೋಟೆಲಿನ ಕಿಟಕಿಗೆ ಒರಗಿ, ಎದುರಿನ ದೊಡ್ಡ ಚರ್ಚಿನ ಕಲ್ಲುಗೊಂಬೆಗಳ ಚಿತ್ರ ಬರೆಯುತ್ತಿದ್ದ ಪ್ರವಾಸಿಯನ್ನು ಕಳ್ಳನೆಂದು ತಿಳಿದು ಬಾಣಲೆ ಬೀಸಿದ್ದಳು. ಆ ಸದ್ದಿಗೆ ಗಡಿಯಾಚೆ ಪೋರ್ಚುಗಲ್ಲಿನ ನಾಯಿಗಳೆಲ್ಲ ಎದ್ದು ಬೊಗಳಿದವು. ಬಿದ್ದದ್ದು ಮೂರೇ ಹೊಲಿಗೆ. ಸ್ಪೇನಿನ ಗಡಿಯೂರು ಸಿಯುದಾದ್ ರೊದ್ರಿಗೊದ ಜನ ಮೂವತ್ತು ಎನ್ನುತ್ತಾರೆ. ಅವರಂತೆ ಬೊಗಳೆ ಬಿಡುವುದು ನಮ್ಮಿಂದಾಗದು.

ದೂರದ ಕಡಲೂರು ಕಾದಿಸ್‌ನಿಂದ ಒಂದು ದಿನಕ್ಕೆಂದು ಬಂದಿದ್ದ ಆ ಗಾಸ್ಪಾರ್, ಹೊಲಿಗೆ ಬಿಚ್ಚಿಸುವ ನೆಪದಲ್ಲಿ ಒಂಬತ್ತು ದಿನ ಉಳಿದ. ದಿನವೂ ಅವಳ ಹೋಟೆಲಿನಲ್ಲೇ ಊಟ. ಅವಳು ತಟ್ಟೆ ಇಟ್ಟರೆ ಅವನು ತಟ್ಟೆ ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಿದ್ದ. ಅವಳೋ, ಲೋಟ ಒರೆಸುವ ನೆಪದಲ್ಲಿ ಗಾಜಿನೊಳಗಿಂದ ಅವನನ್ನು ನೋಡುತ್ತಿದ್ದಳು. ಊರಿನಲ್ಲಿ ಅಷ್ಟು ಹೊಳೆಯುವ ಲೋಟಗಳು ಹಿಂದೆಂದೂ ಇರಲಿಲ್ಲ.

ಹತ್ತನೆಯ ದಿನ, ಹೋರಿ ಓಡಿಸುವ ಕಾರ್ನಿವಲ್ ಹಬ್ಬದ ಭಾನುವಾರ. ದೊಡ್ಡ ಗಂಟೆ ಬಾರಿಸಿದೊಡನೆ ಆರು ಹೋರಿಗಳು ಬೀದಿಗಿಳಿದವು; ಬಾಗಿಲುಗಳಿಗೆಲ್ಲ ಅಗುಳಿ ಬಿತ್ತು. ದಾರಿ ತೋರಿಸುವ ಮಚ್ಚೆಯ ಎತ್ತುಗಳ ಜೊತೆ ಅವು ಚೌಕದ ದೊಡ್ಡಿ ಸೇರಿದ ಮೇಲೆ ಎರಡನೇ ಗಂಟೆ; ಅದಾದರೆ ಬಾಗಿಲು ತೆರೆಯಬಹುದು. ಗೋಪುರದಲ್ಲಿ ನಿಂತು ಎಣಿಸಿ ಬಾರಿಸುವವನು ಕಸಿಲ್ದಾಳ ಅಪ್ಪ ಲೆಯಾಂದ್ರೊ. ನಲವತ್ತು ವರ್ಷದಲ್ಲಿ ಒಂದು ಕೊಂಬೂ ಅವನ ಲೆಕ್ಕ ತಪ್ಪಿರಲಿಲ್ಲ.

ಅಗುಳಿ ಹಾಕಿದ ಹೋಟೆಲಿನೊಳಗೆ ಇಬ್ಬರೇ.

"ಮಧ್ಯಾಹ್ನದ ಬಸ್ಸಿಗೆ ಹೊರಟೆ," ಎಂದ ಗಾಸ್ಪಾರ್.

"ಹೊರಡಪ್ಪ. ಹಿಡ್ಕೊಂಡೋರು ಯಾರು?"

"ಯಾರಾದ್ರೂ ಹಿಡ್ಕೋತಾರೇನೋ ಅಂತ ಹೇಳಿ ನೋಡಿದೆ."

"ನಮ್ಮೂರಲ್ಲಿ ಹಿಡಿಯೋದು ಹೋರಿಗಳನ್ನ ಮಾತ್ರ."

"ಇರು ಅಂತ ಒಂದ್ಸಲ ಅನ್ನು ಮಾರಾಯ್ತಿ. ಪಾತ್ರೆ ತೊಳ್ಕೊಂಡು ಇಲ್ಲೇ ಇರ್ತೀನಿ."

ಅದನ್ನು ಹೇಳುವುದಕ್ಕಿಂತ ಊರಿನ ಕೋಟೆಗೋಡೆ ಕಿತ್ತು ಹೊತ್ತುಕೊಂಡು ಹೋಗುವುದು ಅವಳಿಗೆ ಸುಲಭ. ಪ್ರವಾಸಿಗೆ ಮನಸ್ಸು ಕೊಟ್ಟು ಬಸ್‌ಸ್ಟ್ಯಾಂಡಿನಲ್ಲೇ ಕಾದು ಹಣ್ಣಾದವರನ್ನು ಅವಳು ಕಂಡಿದ್ದಳು.

"ಗಂಟೆ ಆಗ್ಲಿ, ಅಗುಳಿ ತೆಗೀತೀನಿ," ಎಂದಳು.

ಎರಡನೇ ಗಂಟೆ ಬಾರಿಸಿತು. ಅವಳು ಮರದ ಅಗುಳಿಯನ್ನು ಕಿತ್ತು ಕೈಯಲ್ಲಿ ಹಿಡಿದಳು. ಅವನು ಚೀಲ ಹೆಗಲಿಗೇರಿಸಿ ಹೊರಗೆ ಕಾಲಿಟ್ಟ.

ಗಲ್ಲಿಯಲ್ಲಿ ಆರನೇ ಹೋರಿ ನಿಂತಿತ್ತು. ಮಚ್ಚೆಯಿಲ್ಲದ ಕರಿ ಎತ್ತೊಂದು ಆ ವರ್ಷ ಹೊಸದಾಗಿ ಹಿಂಡಿಗೆ ಬಂದಿತ್ತು. ಲೆಯಾಂದ್ರೊ ಅದನ್ನೇ ಹೋರಿಯೆಂದು ಎಣಿಸಿ ಗಂಟೆ ಹೊಡೆದಿದ್ದ. ನಿಜವಾದ ಹೋರಿ ತಿರುವಿನಲ್ಲಿ ಜಾರಿ ಹಿಂದುಳಿದಿತ್ತು. ಅದರ ಗಾತ್ರ ಹೇಳಿದರೆ ನೀವು ನಂಬುವುದಿಲ್ಲ, ಅದಕ್ಕೇ ಅರ್ಧ ಮಾತ್ರ ಹೇಳುತ್ತೇವೆ: ಎರಡು ಚರ್ಚಿನಷ್ಟು.

ಕೊಂಬು ಗಾಸ್ಪಾರ್‌ನ ತೊಡೆಗೆ ನುಗ್ಗಿತು. ಹೋರಿ ಅವನನ್ನು ಎತ್ತಿ ಕಲ್ಲಿನ ಗೋಡೆಗೆ ಬಡಿಯಿತು. ಪಕ್ಕೆಲುಬು ಮುರಿದ ಸದ್ದು ಕಸಿಲ್ದಾಳಿಗೆ ಕೇಳಿಸಿತು. ಕೆಳಗೆ ಬಿದ್ದವನನ್ನು ಮತ್ತೆ ಹೊರಳಿಸಿ ತಿವಿಯಿತು. ಮೆಟ್ಟಿಲುಗಳು ಕೆಂಪಾದವು.

ಅವಳು ಅಗುಳಿಯೆತ್ತಿ ಹೋರಿಯ ಮೂತಿಗೆ ಹೊಡೆದಳು. ಅದರ ಮುಂದಿನ ಏಳು ತಲೆಮಾರಿಗೂ ತಲೆನೋವು ಉಳಿಯುವಂಥ ಏಟು. ಅಗುಳಿ ಎರಡು ತುಂಡಾಯಿತು. ಉಳಿದ ತುಂಡನ್ನು ಮೂಗಿಗೆ ತಿವಿದಳು. ಹೋರಿ ತಿರುಗಿ ಅವಳನ್ನು ಬಾಗಿಲಿಗೆ ಒತ್ತಿತು, ಅವಳ ಎಡಗೈ ಮುರಿಯಿತು. ಆದರೂ ಬಲಗೈ ನಿಲ್ಲಲಿಲ್ಲ. ಹೋರಿ ಕಾಯುವವರು ದೊಣ್ಣೆ ಹಿಡಿದು ಓಡಿಬಂದು ಅದನ್ನು ಅಟ್ಟುವಷ್ಟರಲ್ಲಿ ಅದರ ಮೂತಿಯಿಂದಲೂ ರಕ್ತ ಸುರಿಯುತ್ತಿತ್ತು.

ಗಾಸ್ಪಾರ್‌ನ ತೊಡೆಯಿಂದ ರಕ್ತ ಕಾರಂಜಿಯಂತೆ ಚಿಮ್ಮುತ್ತಿತ್ತು. ಕಸಿಲ್ದಾ ಮೊಣಕಾಲೂರಿ, ಗಾಯದೊಳಗೇ ಮುಷ್ಟಿ ಒತ್ತಿದಳು.

"ಬಾಣಲೇನೇ ವಾಸಿಯಿತ್ತು," ಎಂದ ಅವನು ಬಿಳಿಚಿದ ತುಟಿಯಲ್ಲಿ.

"ಬಾಯಿ ಮುಚ್ಚು. ಸತ್ತರೆ ಕೊಂದುಹಾಕ್ತೀನಿ."

ಅವನನ್ನು ಹೊತ್ತ ಸ್ಟ್ರೆಚರಿನ ಜೊತೆಗೆ ಬಾಗಿ ಓಡಿದಳು, ಮುಷ್ಟಿ ಅಲುಗಲಿಲ್ಲ. ಚಿಕಿತ್ಸೆಯ ಕೋಣೆಯಲ್ಲಿ ಡಾಕ್ಟರು ರಕ್ತನಾಳಕ್ಕೆ ಚಿಮುಟ ಹಾಕಿ, "ಸಾಕಮ್ಮ, ಇನ್ನು ಕೈ ತೆಗಿ. ಉಳೀತಾನೆ," ಎಂದರು.

ಅವಳು ತೆಗೆಯಲಿಲ್ಲ.

"ತೆಗಿಯಮ್ಮ. ಹೊಲಿಗೆ ಹಾಕ್ಬೇಕು."

"ಹೊಲಿಗೆ ಹಾಕಿದ್ರೆ ವಾಸಿಯಾಗುತ್ತೆ," ಎಂದಳು ಕಸಿಲ್ದಾ. "ವಾಸಿಯಾದ್ರೆ ಎದ್ದು ಊರಿಗೆ ಹೋಗ್ತಾನೆ. ನಂಗೆ ಇವನು ಇಲ್ಲೇ ಬೇಕು."

ಗಾಸ್ಪಾರ್ ಕಣ್ಣು ತೆರೆದ. ರಕ್ತ ಮೆತ್ತಿದ ಅವಳ ಮಣಿಕಟ್ಟನ್ನು ಹುಡುಕಿ ಹಿಡಿದ.

"ಡಾಕ್ಟ್ರೇ, ಇವಳು ಇರು ಅಂದ್ಲು, ಸಾಕ್ಷಿ ನೀವೇ," ಎಂದ. "ಕಸಿಲ್ದಾ, ಕೈ ತೆಗಿ. ನಾನು ಎಲ್ಲೂ ಹೋಗಲ್ಲ ಕಣೇ."

ಅವಳು ಒಂದೊಂದೇ ಬೆರಳು ಬಿಡಿಸಿಕೊಂಡಳು.