ದುರ್ಗಿ ಹಾಕಿದ ಸುತ್ತು

"ಏಳು, ಎಂಟು, ಹತ್ತು..."

"ಏಯ್, ನಿಲ್ಲು! ಒಂಬತ್ತು ಎಲ್ಲಿ ಹೋತು? ಸಂತಿಗೆ ಹೋತೇನು?" ಉಮಾಶ್ರೀ ಸ್ಕೇಲಿನಿಂದ ಕಟ್ಟೆಯ ಕಲ್ಲನ್ನು ಟಕಟಕ ಕುಟ್ಟಿದಳು.

ದುರ್ಗಿ ನಾಲಿಗೆ ಕಚ್ಚಿಕೊಂಡಳು. ಮತ್ತೆ ಒಂದರಿಂದ ಎಣಿಸತೊಡಗಿದಳು. ಆರು ವರ್ಷದ ಅವಳ ಕೈಯಲ್ಲಿ ದಪ್ಪನೆಯ ಕ್ರೋಶಾ ಸೂಜಿ. ಮಡಿಲಲ್ಲಿ ಅವ್ವನ ಹಳೇ ಹಸಿರು ಸೀರೆಯನ್ನು ಉದ್ದುದ್ದ ಹರಿದು ಸುತ್ತಿದ ಉಂಡೆ.

ಉಮಾಶ್ರೀ ಐದನೇ ಕ್ಲಾಸು. ಎದುರು ಮನೆಯ ಕುಬ್ರಾ ಬೇಗಂ ಹತ್ತಿರ ಬೇಸಿಗೆ ರಜೆಯಲ್ಲಿ ಕ್ರೋಶಾ ಕಲಿತಿದ್ದಳು. ದುಂಡನೆಯ ಮ್ಯಾಟ್ ಹಾಕುವುದರಲ್ಲಿ ಅವಳ ಕೈ ಪಳಗಿತ್ತು. ದೇವದುರ್ಗದ ಆ ಓಣಿಯಲ್ಲಿ ಅವಳ ಮ್ಯಾಟನ್ನು ಹೊಗಳದವರೇ ಇರಲಿಲ್ಲ. ಹೊಗಳುವವರೆಗೆ ಅವಳು ಬಿಡುತ್ತಲೂ ಇರಲಿಲ್ಲ ಅನ್ನಿ!

ಈಗ ಅವಳಿಗೊಬ್ಬ ಶಿಷ್ಯೆ ಸಿಕ್ಕಿದ್ದಳು. ಅವಳೇ ಪಕ್ಕದ ಮನೆಯ ದುರ್ಗಾದೇವಿ. ದುರ್ಗಿ ಇರುವುದು ಅಜ್ಜಿಯ ಜೊತೆ. ಅವಳ ಅವ್ವ ಬೂದೆಮ್ಮ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಪಂಚಮಿ ಹಬ್ಬಕ್ಕೆ ಬಂದವಳು ನಾಳೆ ಭಾನುವಾರ ಸಂಜೆಯ ಬಸ್ಸಿಗೆ ಹೊರಡಲಿದ್ದಳು. ಮತ್ತೆ ಬರುವುದು ದೀಪಾವಳಿಗೇ. ಅಷ್ಟರೊಳಗೆ ಅವ್ವನಿಗೆ ಏನೋ ಮಾಡಿಕೊಡಬೇಕೆಂದು ದುರ್ಗಿ ಮೂರು ದಿನದಿಂದ ಉಮಾಶ್ರೀಯ ಬೆನ್ನು ಬಿದ್ದಿದ್ದಳು.

ಅದೇನು ಎಂದು ಉಮಾಶ್ರೀ ಕೇಳಿರಲೇ ಇಲ್ಲ. ದುಂಡಗೆ ಹಾಕುತ್ತಿದ್ದಾಳೆ ಅಂದಮೇಲೆ ಮ್ಯಾಟೇ ತಾನೆ?

"ಉಲ್ಲನ್ ದಾರ ಕೊಡ್ತೀನಿ ತಗೋ. ಈ ಸೀರಿ ಪಟ್ಟಿ ಭಾಳ ದಪ್ಪ ಅದ," ಅಂದರೆ ದುರ್ಗಿ ಒಪ್ಪಲಿಲ್ಲ.

"ದಪ್ಪನೇ ಬೇಕಕ್ಕಾ."

"ಹೋಗ್ಲಿ. ಆದ್ರ ಪ್ರತಿ ಸುತ್ತಿಗೂ ಆರು ಕುಣಿಕಿ ಹೆಚ್ಚಾಗಬೇಕು. ಆರು, ಹನ್ನೆರಡು, ಹದಿನೆಂಟು. ಅಂದ್ರನೇ ರೊಟ್ಟಿ ಹಂಗ ಚಪ್ಪಟಿ ಬರೋದು. ನೀ ಹೆಚ್ಚು ಮಾಡೋದು ಬಿಟ್ಟಿ, ಅದಕ್ಕ ನೋಡು ಬಟ್ಟಲ ಆಗ್ಯಾದ!"

ನಿಜ, ದುರ್ಗಿಯ ಕೆಲಸ ಅಂಚಿನಲ್ಲಿ ಮೇಲೆದ್ದು ಬಟ್ಟಲಿನಂತೆ ಬಾಗಿತ್ತು. ದುರ್ಗಿ ಅದನ್ನು ಬೋರಲು ಹಾಕಿ ತಲೆಯ ಮೇಲಿಟ್ಟುಕೊಂಡಳು. ಕತ್ತು ಆಡಿಸಿ ನೋಡಿದಳು. ತೆಗೆದು ಇನ್ನೆರಡು ಕುಣಿಕೆ ಹಾಕಿದಳು, ಮತ್ತೆ ಇಟ್ಟುಕೊಂಡಳು.

"ಆಟ ಹಚ್ಚೀಯೇನ್ ಬೇ? ತಲಿ ಮ್ಯಾಲ ಯಾಕ ಇಟ್ಕೋತಿ?"

ದುರ್ಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬೂದೆಮ್ಮ ಮನೆಯಿಂದ ಕೂಗಿದಳು. "ಬಂದೆ ಯವ್ವಾ! ಅಕ್ಕಾ, ಇದು ನಿನ್ನ ಹತ್ರಾನೇ ಇರಲಿ. ಅವ್ವಗ ತೋರಸಬ್ಯಾಡ," ಎಂದು ದುರ್ಗಿ ಓಡಿದಳು.

ಉಮಾಶ್ರೀ ಆ ಬಟ್ಟಲನ್ನು ಎತ್ತಿ ನೋಡಿದಳು. ಛೇ! ಒಂದು ಕುಣಿಕೆ ಸಡಿಲ, ಇನ್ನೊಂದು ಬಿಗಿ. ಇದನ್ನೇ ಬೂದೆಮ್ಮ ಎಲ್ಲರಿಗೂ ತೋರಿಸಿದರೆ? ಇದೆಂಥಾ ಟೀಚರು ಎಂದು ಕುಬ್ರಾ ಖಾಲಾ ನಗುವುದಿಲ್ಲವೇ? ಪಾಪ, ದುರ್ಗಿಗೂ ಅವಮಾನ. ಹೀಗೆಂದುಕೊಂಡವಳೇ ಪಟ್ಟಿಯ ತುದಿ ಹಿಡಿದು ಎಳೆದಳು. ಸರಸರನೆ ಎಲ್ಲ ಬಿಚ್ಚಿಹೋಯಿತು. ಹೊತ್ತು ಮುಳುಗುವುದರೊಳಗೆ ಚಪ್ಪಟೆಯಾದ, ಅಂದವಾದ ಮ್ಯಾಟ್ ಒಂದು ಸಿದ್ಧವಾಯಿತು.

ಬೆಳಿಗ್ಗೆ ದುರ್ಗಿ ಬಂದಾಗ ಉಮಾಶ್ರೀ ಅದನ್ನು ಬೆನ್ನ ಹಿಂದಿನಿಂದ ತೆಗೆದಳು. "ಟಡಾ! ಹೆಂಗದ?"

ದುರ್ಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ತಲೆಯ ಮೇಲೆ ಇಟ್ಟುಕೊಂಡಳು. ಅದು ಜಾರಿ ನೆಲಕ್ಕೆ ಬಿತ್ತು.

"ಇದು ನಂದಲ್ಲ. ನಂದೆಲ್ಲಿ?"

"ಇದೇ ಬೇ. ಸೊಟ್ಟ ಆಗಿತ್ತಲ್ಲ, ಬಿಚ್ಚಿ ಸರಿ ಮಾಡೀನಿ."

ದುರ್ಗಿಯ ತುಟಿ ಅದುರಿತು. "ಸೊಟ್ಟ ಆಗಿದ್ದಿಲ್ಲ! ನಾನೇ ಹಂಗ ಮಾಡಿದ್ದೆ! ಅದು ಸಿಂಬಿ!" ಎಂದು ಕಟ್ಟೆಯ ಮೇಲೆ ಕುಸಿದು ಹೋ ಎಂದು ಅಳತೊಡಗಿದಳು.

ಸಿಂಬೆ! ಹೊರೆ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಉಮಾಶ್ರೀ ಬಗ್ಗಿ ನೆಲಕ್ಕೆ ಬಿದ್ದಿದ್ದ ಮ್ಯಾಟನ್ನು ಎತ್ತಿಕೊಂಡಳು.

"ಅವ್ವನ ಸಿಂಬಿ ಜಾರತದ," ದುರ್ಗಿ ಬಿಕ್ಕುತ್ತಲೇ ಹೇಳಿದಳು. "ಒಂದ್ ಕೈಲೆ ಹಿಡ್ಕೊಂಡೇ ಇರಬೇಕು. ಬೆಂಗಳೂರಿಂದ ಬಂದ ದಿನ ನಾ ಕೈ ಹಿಡೀತೀನಿ ಅಂದೆ. ಒಂದ್ ಕೈಯಾಗ ಬ್ಯಾಗ್ ಅದ, ಒಂದ್ ಕೈಲೆ ಚೀಲ ಹಿಡಿದೀನಿ, ಸೆರಗ ಹಿಡ್ಕೊಂಡು ಬಾ ಅಂದ್ಲು."

ಉಮಾಶ್ರೀ ದುರ್ಗಿಯ ಕೈ ಹಿಡಿದು ಎದುರು ಮನೆಗೆ ಓಡಿದಳು.

ಕುಬ್ರಾ ಬೇಗಂ ಮೊಮ್ಮಗನಿಗೆಂದು ಕ್ರೋಶಾದಲ್ಲಿ ನಮಾಜಿನ ಟೋಪಿ ಹೆಣೆಯುತ್ತ ಕುಳಿತಿದ್ದರು. ಇಬ್ಬರ ಮಾತನ್ನೂ ಕೇಳಿ ಕನ್ನಡಕ ಸರಿಮಾಡಿಕೊಂಡರು.

"ಅರೇ, ಟೋಪಿನೂ ಹಿಂಗೇ ಮಾಡೋದು ಬೇಟಿ! ಮೊದಲ ಕುಣಿಕಿ ಹೆಚ್ಚು ಮಾಡ್ತಾ ಹೋಗಬೇಕು, ತಲಿ ಅಳತಿ ಬಂದಕೂಡ್ಲೆ ಹೆಚ್ಚು ಮಾಡೋದು ಬಿಡಬೇಕು. ನಾ ಉಮಾಗೇ ಇದನ್ನ ಇನ್ನಾ ಕಲಿಸಿಲ್ಲ. ನಿನಗ ಯಾರು ಹೇಳಿಕೊಟ್ರು ದುರ್ಗಾ?"

"ಯಾರೂ ಇಲ್ಲ. ತಲಿ ಮ್ಯಾಲ ಇಟ್ಟು ಇಟ್ಟು ನೋಡಿದೆ. ಅವ್ವನ ತಲಿ ದೊಡ್ಡದು ಅಂತ ಒಂದ್ ಸುತ್ತು ಜಾಸ್ತಿ ಹಾಕಿದ್ದೆ."

ಉಮಾಶ್ರೀ ತಲೆ ತಗ್ಗಿಸಿದಳು. ತಾನು ಹಾಕಿದ ಅಂದದ ಮ್ಯಾಟನ್ನು ಮಡಿಲಲ್ಲಿ ಹರಡಿದಳು. ಎಷ್ಟು ಚೆನ್ನಾಗಿ ಬಂದಿತ್ತು! ಒಂದು ಗಳಿಗೆ ನೋಡಿ, ತುದಿ ಹಿಡಿದು ಎಳೆದಳು. ಬಿಚ್ಚಿದ ಪಟ್ಟಿಯನ್ನು ಉಂಡೆ ಸುತ್ತಿ ದುರ್ಗಿಯ ಮಡಿಲಿಗೆ ಹಾಕಿದಳು.

"ತಪ್ಪಾತು ದುರ್ಗಿ. ನಿನ್ನ ಕೇಳದ ಬಿಚ್ಚಬಾರದಿತ್ತು. ಬಸ್ಸಿಗೆ ಇನ್ನಾ ಟೈಮ್ ಅದ. ಹಾಕ್ತಿಯೇನು?"

ದುರ್ಗಿ ಲಂಗದ ಅಂಚಿನಿಂದ ಮೂಗು ಒರೆಸಿಕೊಂಡಳು. "ನೀ ಮುಟ್ಟಬಾರದು ಮತ್ತ."

"ಇಲ್ಲ, ದೇವರಾಣಿ ಮುಟ್ಟಲ್ಲ."

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಐದನೇ ಸುತ್ತಿನಲ್ಲಿ ದುರ್ಗಿ ಒಂದು ಕುಣಿಕೆ ಬಿಟ್ಟಳು. ಉಮಾಶ್ರೀಯ ಕೈ ತಾನಾಗಿಯೇ ಮುಂದೆ ಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಂಡು ತೊಡೆಯ ಕೆಳಗೆ ಹಾಕಿ, ಅದರ ಮೇಲೇ ಕುಳಿತುಬಿಟ್ಟಳು. ಕುಬ್ರಾ ಬೇಗಂ ಅದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಕೊನೆಯ ಕುಣಿಕೆ ಬಿಗಿಯುವಾಗ ನಾಲ್ಕು ಗಂಟೆ ದಾಟಿತ್ತು. ಬೂದೆಮ್ಮ ಆಗಲೇ ಜೋಳದ ಹಿಟ್ಟು, ರೊಟ್ಟಿ ತುಂಬಿದ ಚೀಲವನ್ನು ಬಾಗಿಲಿಗೆ ತಂದಿಟ್ಟಿದ್ದಳು.

"ಯವ್ವಾ, ತಲಿ ಬಗ್ಗಸು!"

ಬೂದೆಮ್ಮ ಬಗ್ಗಿದಳು. ದುರ್ಗಿ ಸಿಂಬೆಯನ್ನು ಅವಳ ತಲೆಗೆ ಇಟ್ಟು ಎರಡೂ ಕೈಯಿಂದ ಒತ್ತಿದಳು. ಅಜ್ಜಿ ಚೀಲವನ್ನು ಎತ್ತಿ ಇಟ್ಟಳು. ಬೂದೆಮ್ಮ ಚೀಲದಿಂದ ಮೆಲ್ಲಗೆ ಕೈ ತೆಗೆದಳು. ಎರಡು ಹೆಜ್ಜೆ ನಡೆದಳು. ಚೀಲ ಅಲ್ಲಾಡಲಿಲ್ಲ.

"ಅಯ್ಯ ನನ್ನ ಬಂಗಾರ! ಯಾರು ಕಲಿಸಿದ್ರೇ ನಿನಗ?"

"ಉಮಕ್ಕ!" ಅಂದಳು ದುರ್ಗಿ.

ಬೇರೆ ದಿನವಾಗಿದ್ದರೆ ಉಮಾಶ್ರೀ ಹಿಗ್ಗಿ ಹೀರೇಕಾಯಿ ಆಗುತ್ತಿದ್ದಳು. ಇವತ್ತು ಅವಳ ಕಿವಿ ಬಿಸಿಯಾಯಿತು.

"ಸೂಜಿ ಹಿಡಿಯೋದಷ್ಟ ನಾ ಕಲಿಸಿದ್ದು ಚಿಗವ್ವಾ," ಅಂದಳು. "ಸಿಂಬಿ ಅಕೀದೇ."

ಬೂದೆಮ್ಮ ಒಂದು ಕೈಯಲ್ಲಿ ಬ್ಯಾಗ್ ಹಿಡಿದಳು. ಖಾಲಿಯಾಗಿದ್ದ ಇನ್ನೊಂದು ಕೈಯನ್ನು ಮಗಳ ಕಡೆ ಚಾಚಿದಳು. ಬಸ್ ಸ್ಟ್ಯಾಂಡ್ ಬರುವವರೆಗೂ ದುರ್ಗಿ ಆ ಕೈ ಬಿಡಲಿಲ್ಲ. ಹಿಂದೆ ಬರುತ್ತಿದ್ದ ಉಮಾಶ್ರೀ ದಾರಿಯುದ್ದಕ್ಕೂ ಅದನ್ನೇ ನೋಡುತ್ತ ನಡೆದಳು.