ಜೀವಕೋಶವಿಲ್ಲದ ಪ್ಲೇಟು

ಲ್ಯಾಬಿನಲ್ಲಿ ನನಗೆ ‘ಆಗಲ್ಲಮ್ಮ’ ಎಂದು ಹೆಸರಿಟ್ಟವನೇ ಅವನು. ಅವನು ಕೆಮಿಸ್ಟ್, ಔಷಧವಾಗಬಹುದಾದ ಹೊಸ ಹೊಸ ಅಣುಗಳನ್ನು ಕಟ್ಟುವವನು. ನಾನು ಫಾರ್ಮಕಾಲಜಿಯವಳು. ಅವು ಜೀವಕೋಶಗಳ ಮೇಲೆ ಕೆಲಸ ಮಾಡುತ್ತವೆಯೇ ಎಂದು ನೋಡಿ, ಹೆಚ್ಚಿನವನ್ನು ಆಗಲ್ಲ ಎಂದು ವಾಪಸ್ ಕಳಿಸುವವಳು.

“ಇದನ್ನಾದ್ರೂ ಪಾಸ್ ಮಾಡಿ ಆಗಲ್ಲಮ್ಮೋರೇ, ಕಾಫಿ ಕೊಡಿಸ್ತೀನಿ.”

“ಲಂಚಾನಾ?”

“ಅಲ್ಲ, ನೆಪ.”

ಹೇಳಿ, ಕನ್ನಡಕ ಒರೆಸುವ ನಾಟಕ ಮಾಡುತ್ತಾ ನನ್ನನ್ನೇ ನೋಡುತ್ತಿದ್ದ. ನಾನು ಕರಗಿಹೋದೆ, ಸುಳ್ಳೇಕೆ ಹೇಳಲಿ? ಬಹುವಚನ ಏಕವಚನವಾಗಲು ಹೆಚ್ಚು ದಿನ ಬೇಕಾಗಲಿಲ್ಲ.

ಆಮೇಲೆ ಅವನದೊಂದು ಅಣು ಪಾಸಾಯಿತು. ಔಷಧ ಕೆಲಸ ಮಾಡಿದರೆ ಪ್ಲೇಟಿನ ಪುಟ್ಟ ಗುಳಿಗಳಲ್ಲಿರುವ ಜೀವಕೋಶಗಳು ಹಸಿರಾಗಿ ಹೊಳೆಯಬೇಕು. ಹೊಳೆದವು! ಅವನೇ ಮುಂದಿನ ಟೀಮ್ ಲೀಡರ್ ಎಂದು ಎಲ್ಲರೂ ಅಂದರು. ಅವನ ಅಮ್ಮ ಫೋನಿನಲ್ಲಿ “ನಮ್ಮನೆ ಸೊಸೆ” ಎಂದೇ ಮಾತಾಡಿಸತೊಡಗಿದರು.

ನನ್ನದೊಂದು ಹಾಳು ಬುದ್ಧಿ, ಖುಷಿ ಜಾಸ್ತಿಯಾದರೆ ಅನುಮಾನ ಬರುತ್ತದೆ. ಜೀವಕೋಶವನ್ನೇ ಹಾಕದೆ, ಬರೀ ಅವನ ಅಣುವನ್ನು ಪ್ಲೇಟಿಗೆ ಹಾಕಿ ನೋಡಿದೆ. ಆಗಲೂ ಅಷ್ಟೇ ಹಸಿರು. ಹೊಳೆಯುತ್ತಿದ್ದದ್ದು ಅಣುವೇ, ಅದು ಕೆಲಸ ಗಿಲಸ ಏನೂ ಮಾಡುತ್ತಿರಲಿಲ್ಲ.

ಬಾಸ್‌ಗಿಂತ ಮೊದಲು ಅವನಿಗೇ ಹೇಳಿದೆ. ಮಾರನೆಯ ದಿನದ ಮೀಟಿಂಗಿನಲ್ಲಿ ಅವನೇ ಬಾಯಿಬಿಟ್ಟರೆ ಮರ್ಯಾದೆ ಉಳಿಯುತ್ತದೆ ಎಂಬುದು ನನ್ನ ಆಸೆ.

“ಮೊದಲು ನಂಗೆ ಹೇಳಿದ್ಯಲ್ಲ, ಅಷ್ಟು ಸಾಕು ಕಣೇ,” ಎಂದು ಕೆನ್ನೆ ಸವರಿದ.

ಮೀಟಿಂಗಿನಲ್ಲಿ ಎದ್ದು ನಿಂತು ಅವನು ಹೇಳಿದ್ದೇ ಬೇರೆ. “ಸರ್, ಈ ಮೇಡಮ್ ಹತ್ರ ಈಚೆಗೆ ಸ್ವಲ್ಪ ಎಡವಟ್ಟಾಗ್ತಿದೆ. ಪ್ಲೇಟುಗಳು ಅದಲುಬದಲಾಗ್ತಿವೆ. ಅವರ ಹೊಸ ರಿಸಲ್ಟ್ ಏನೇ ಬಂದ್ರೂ ಬೇರೆಯವರ ಕೈಲಿ ಒಂದ್ಸಲ ಮಾಡಿಸಿ.” ನನ್ನ ಕಡೆ ಕಣ್ಣೆತ್ತಲಿಲ್ಲ. ಕೂತಲ್ಲೇ ಮೈಯೆಲ್ಲ ಉರಿದುಹೋಯಿತು.

ಬೇರೆಯವರು ಮಾಡಿದರು. ಜೀವಕೋಶವಿಲ್ಲದ ಪ್ಲೇಟು ಅವರ ಕೈಯಲ್ಲೂ ಹಸಿರಾಯಿತು, ಪ್ರಾಜೆಕ್ಟ್ ನಿಂತಿತು.

ಮದುವೆ ಬೇಡ ಎಂದು ಅವನಿಗೆ ಹೇಳಿಬಿಟ್ಟೆ. ಮೆಟ್ಟಿಲ ಬಳಿ ನನ್ನನ್ನು ಅಡ್ಡಗಟ್ಟಿದ. “ಹೆದರಿಬಿಟ್ಟೆ ಕಣೇ. ಇಷ್ಟಕ್ಕೇ ಬಿಟ್ಟು ಹೋಗ್ತೀಯಾ? ನನ್ ಮೇಲೆ ಪ್ರೀತಿ ಇಲ್ವಾ?”

“ಇದೆ. ಅದಕ್ಕೇ ಹೊಟ್ಟೆ ಉರಿಯೋದು.”

“ಮತ್ತೆ?”

“ನಾಳೆ ಇನ್ನೊಂದು ಕೆಟ್ಟ ಸುದ್ದಿ ಗೊತ್ತಾದ್ರೆ ನಿಂಗೆ ಹೇಳೋಕೆ ನಂಗೆ ಭಯ ಆಗತ್ತೆ. ಗಂಡನ ಹತ್ರ ಬಾಯಿ ಬಿಡೋಕೆ ಹೆದರ್ಕೊಂಡು ಹೇಗೆ ಬಾಳ್ಲಿ?”

ಕಣ್ಣು ತುಂಬಿಕೊಂಡ. ತಬ್ಬಿಕೊಳ್ಳಬೇಕೆನಿಸಿತು, ಕೈ ಕಟ್ಟಿಕೊಂಡು ನಿಂತೆ.

“ಅಮ್ಮಂಗೆ ಏನು ಹೇಳ್ಲಿ?” ಎಂದ.

“ನಿಜ ಹೇಳು.”

ಸಂಜೆ ಅವನ ಅಮ್ಮ ಅಳುತ್ತಾ ಫೋನ್ ಮಾಡಿದರು. “ನಿಂಗೆ ಬೇರೆ ಯಾರೋ ಇದ್ದಾರಂತಲ್ಲಮ್ಮ? ಮೊದಲೇ ಹೇಳ್ಬಾರ್ದಿತ್ತಾ?”

“ಯಾರೂ ಇಲ್ಲಮ್ಮ,” ಎಂದೆ. “ಇದ್ದಿದ್ದು ನಿಮ್ಮ ಮಗ ಒಬ್ಬನೇ.”

ನಾನು ಫೋನ್ ಇಡಲಿಲ್ಲ. ಅವರೂ ಇಡಲಿಲ್ಲ.